ನಲವತ್ತೊಂದನೇ ವಾರ

ಮಗುವಿನ ಉಸಿರು ಮೊದಲ ಸಲ ನಿಂತದ್ದು ಶುಕ್ರವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ಗೋಡೆ ಗಡಿಯಾರದ ಎದುರಿಗೇ ಕುಳಿತಿದ್ದೆನಾದ್ದರಿಂದ ಹೊತ್ತನ್ನು ಖಚಿತವಾಗಿ ಹೇಳಬಲ್ಲೆ. ಮೂವತ್ತೇಳು ದಿನದ ಹೆಣ್ಣುಕೂಸು, ನನ್ನ ಮಗಳ ಮೊದಲ ಮಗು. ಎರಡು ದಿನದಿಂದ ಸಣ್ಣಗೆ ಕೆಮ್ಮುತ್ತಿತ್ತು. ಅಂದು ಬೆಳಿಗ್ಗೆ ಕೆಮ್ಮು ಒಂದರ ಬೆನ್ನಿಗೆ ಒಂದರಂತೆ ಏಳು ಸಲ ಬಂತು. ಆಮೇಲೆ ಕೆಮ್ಮೂ ಇಲ್ಲ, ಅಳುವೂ ಇಲ್ಲ, ಏನೂ ಇಲ್ಲ. ತುಟಿಯ ಸುತ್ತ ನೇರಳೆ ಬಣ್ಣ ಹರಡಿತು.

"ಅಪ್ಪಾ, ಉಸಿರಿಲ್ಲ! ಅಪ್ಪಾ, ಇದಕ್ಕೆ ಉಸಿರಿಲ್ಲ!"

ಮಗಳು ಕೂಸನ್ನು ಬೋರಲು ಹಾಕಿ ಬೆನ್ನು ಉಜ್ಜಿದಳು. ನಾನು ಅಂಗಾಲನ್ನು ಚಿವುಟಿದೆ. ಅದು ಕಿರ್ರೆಂದು ಗಾಳಿ ಎಳೆದುಕೊಂಡಿತು. ಸೊಂಟದ ಮೂಳೆ ಮುರಿದು ಎರಡು ತಿಂಗಳಿಂದ ಒಳಕೋಣೆಯ ಮಂಚ ಹಿಡಿದಿದ್ದ ನನ್ನ ಹೆಂಡತಿ, "ಏನಾಯ್ತು ರೀ? ಯಾರಾದ್ರೂ ಬಾಯಿಬಿಟ್ಟು ಹೇಳಬಾರ್ದಾ?" ಎಂದು ಕೂಗುತ್ತಲೇ ಇದ್ದಳು. ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಹೆಂಡತಿಯ ಆರೈಕೆಗೆಂದು ನಮ್ಮ ಮನೆಯಲ್ಲೇ ಉಳಿದು ಅಲ್ಲಿಂದಲೇ ಲಾಂಡ್ರಿಯ ಕೆಲಸಕ್ಕೆ ಹೋಗಿಬರುತ್ತಿದ್ದ ಅವಳ ತಂಗಿ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿ ಗಾಡಿ ಹಿಡಿದು ತಂದಳು. ಪಕ್ಕದ ಮನೆಯಾಕೆಯನ್ನು ಹೆಂಡತಿಯ ಬಳಿ ಕೂರಿಸಿ, ಮಗಳು, ನಾದಿನಿ, ನಾನು ಮೂವರೂ ಹೊರಟೆವು. ಆಸ್ಪತ್ರೆ ತಲುಪಲು ಹದಿನಾಲ್ಕು ನಿಮಿಷ ಹಿಡಿಯಿತು. ದಾರಿಯಲ್ಲಿ ಉಸಿರು ಇನ್ನೆರಡು ಸಲ ನಿಂತಿತು. ಒಂದು ಎಂಟು ಸೆಕೆಂಡು, ಇನ್ನೊಂದು ಹನ್ನೊಂದು.

ಈ ಮಗುವನ್ನು ಆ ವಾರವೇ ನಮ್ಮ ಊರಿಗೆ ಕರೆಸಿದವನು ನಾನು. ಅದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಪಟ್ಟಣದ ಆರೋಗ್ಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಾನು ರೋಗಗಳ ಎಣಿಕೆ ಬರೆದೆ. ನಿವೃತ್ತನಾಗಿ ಮೂರು ವರ್ಷವಾಯಿತು. ಇಪ್ಪತ್ತೆರಡು ಚಿಕಿತ್ಸಾಲಯಗಳಿಂದ ಪ್ರತಿ ಸೋಮವಾರ ಒಂದೊಂದು ಚೀಟಿ ಬರುತ್ತಿತ್ತು; ಕಳೆದ ವಾರ ಯಾವ ರೋಗಕ್ಕೆ ಎಷ್ಟು ಜನ ಬಂದರೆಂಬುದು ಅದರಲ್ಲಿರುತ್ತಿತ್ತು. ಅದನ್ನು ದೊಡ್ಡ ಹಾಳೆಗೆ ಏರಿಸಿ, ಅಡ್ಡ ಕೂಡಿ, ಉದ್ದ ಕೂಡಿ, ಎರಡು ಮೊತ್ತವೂ ತಾಳೆಯಾದ ಮೇಲೆ ಮೇಲಿನ ಕಚೇರಿಗೆ ಕಳಿಸುವುದು ನನ್ನ ಕೆಲಸ. ಕಚೇರಿಯವರು ಬೆನ್ನ ಹಿಂದೆ ನನ್ನನ್ನು 'ಶೇಕಡಾ' ಎನ್ನುತ್ತಿದ್ದರು. ಅಳಿಯ ಮುಖದ ಮುಂದೆಯೇ 'ಶೇಕಡಾ ಮಾವ' ಎನ್ನುತ್ತಿದ್ದ.

ವರ್ಷಕ್ಕೆ ಐವತ್ತೆರಡು ವಾರ. ರೋಗಗಳು ಅದರೊಳಗೆ ತಮ್ಮ ತಮ್ಮ ಸರದಿಯಲ್ಲಿ ಏರುತ್ತವೆ, ಇಳಿಯುತ್ತವೆ. ಮಳೆ ಹಿಡಿದ ಎರಡನೇ ವಾರಕ್ಕೆ ವಾಂತಿಭೇದಿ. ನೀರು ನಿಂತು ತಿಂಗಳಾದ ಮೇಲೆ ಸೊಳ್ಳೆಯ ಜ್ವರ. ಚಳಿಗೆ ಜನ ಕಿಟಕಿ ಮುಚ್ಚಿಕೊಂಡು ಒಂದೇ ಗಾಳಿಯನ್ನು ಹಂಚಿಕೊಳ್ಳತೊಡಗಿದ ಮೇಲೆ ನೆಗಡಿ, ಕೆಮ್ಮು, ಜ್ವರ. ಶಾಲೆ ತೆರೆದ ಹದಿನೈದು ದಿನಕ್ಕೆ ದಡಾರ. ಹಾಳೆಯ ಮೇಲೆ ಇವೆಲ್ಲ ವರ್ಷವರ್ಷವೂ ಅದೇ ಜಾಗದಲ್ಲಿ ತಲೆಯೆತ್ತುವುದನ್ನು ಕಂಡರೆ ನನಗೆ ಒಂದು ಬಗೆಯ ನೆಮ್ಮದಿ. ಎಲ್ಲಕ್ಕಿಂತ ಅಚ್ಚುಕಟ್ಟಾಗಿದ್ದದ್ದು ನಾಯಿಕೆಮ್ಮಿನ ಗೆರೆ. ಮೂವತ್ತೊಂಬತ್ತನೇ ವಾರದಲ್ಲಿ ಸರಾಸರಿ ಹತ್ತೊಂಬತ್ತು. ಶಾಲೆಗಳ ದೊಡ್ಡ ರಜೆ ಬಂದು ನಲವತ್ತೊಂದನೇ ವಾರದಲ್ಲಿ ಆರು. ರಜೆ ಮುಗಿದು ನಲವತ್ತನಾಲ್ಕರಲ್ಲಿ ಇಪ್ಪತ್ತೊಂದು.

ಮಗಳು ತನ್ನ ಅತ್ತೆಯ ಊರಿನಲ್ಲಿ ಹೆತ್ತಳು. ಸೇತುವೆ ಕಟ್ಟುವ ಕಂಪನಿಯಲ್ಲಿ ವೆಲ್ಡರ್ ಆಗಿರುವ ಅಳಿಯ ಎರಡು ತಿಂಗಳು ದೂರದ ಕೆಲಸಕ್ಕೆ ಹೋಗಬೇಕಿತ್ತು. ನನ್ನ ಹೆಂಡತಿ ಮೊಮ್ಮಗಳನ್ನು ನೋಡಬೇಕೆಂದು ಹಠ ಹಿಡಿದಿದ್ದಳು. ಅವಳು ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಮಗಳು ಬರುವುದೇನೋ ಖಾತ್ರಿ. ಯಾವಾಗ ಎಂಬುದಷ್ಟೇ ಚರ್ಚೆ. ಆರು ವಾರ ತುಂಬಲಿ, ಮೊದಲ ಚುಚ್ಚುಮದ್ದು ಬೀಳಲಿ, ಆಮೇಲೆ ಹೋಗಲಿ ಎಂದು ಬೀಗಿತ್ತಿ ಹೇಳಿದರು. ನಾನು ಫೋನಿನಲ್ಲಿ ಒಪ್ಪಲಿಲ್ಲ.

"ಮಾವ, ಮೂರು ವಾರ ತಡೆದ್ರೆ ಏನು ಗಂಟು ಹೋಗುತ್ತೆ?" ಎಂದ ಅಳಿಯ.

"ಮೂರು ವಾರ ತಡೆದರೆ ನಲವತ್ತನಾಲ್ಕನೇ ವಾರ. ಶಾಲೆ ತೆರೆದಿರುತ್ತೆ. ನಾಯಿಕೆಮ್ಮು ಇಪ್ಪತ್ತೊಂದು. ಒಂದು ಚುಚ್ಚುಮದ್ದಿಗೆ ಪೂರ್ತಿ ರಕ್ಷಣೆ ಸಿಗಲ್ಲ. ಈಗ ಬಂದರೆ ಆರು. ಇಪ್ಪತ್ತೊಂದು ದೊಡ್ಡದೋ ಆರು ದೊಡ್ಡದೋ, ನೀನೇ ಹೇಳು."

"ಅಯ್ಯೋ ಶೇಕಡಾ ಮಾವ, ನೀವು ಬಿಟ್ರೆ ಮಗು ಸೀನೋದಕ್ಕೂ ಸರಾಸರಿ ತೆಗೀತೀರಿ. ಆಯ್ತು, ನಿಮ್ಮ ಲೆಕ್ಕ ಯಾವತ್ತು ತಪ್ಪಿದೆ? ಕಳಿಸ್ತೀನಿ."

ನಲವತ್ತೊಂದನೇ ವಾರದ ಸೋಮವಾರ ಮಗಳು ಬಂದಿಳಿದಳು. ಹತ್ತನೇ ದಿನ ಕೂಸು ಕೆಮ್ಮಿತು.

ಮಕ್ಕಳ ವಿಭಾಗದ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಮಾತು ಕಡಿಮೆ. ಕೂಸು ಅವರ ಕೈಯಲ್ಲೇ ಒಮ್ಮೆ ಉಸಿರು ನಿಲ್ಲಿಸಿ ತೋರಿಸಿತು. ಅವರು ಮೂಗಿಗೆ ಆಮ್ಲಜನಕದ ನಳಿಗೆ ಇಡಿಸಿದರು, ಸೂಜಿ ಹಾಕಿಸಿದರು, ಆಮೇಲೆ ನಮ್ಮ ಕಡೆ ತಿರುಗಿದರು.

"ನಾಯಿಕೆಮ್ಮು."

"ಅದಕ್ಕೊಂದು ಕೂಗು ಬರಬೇಕಲ್ಲ, ಡಾಕ್ಟರೇ," ಎಂದೆ.

"ದೊಡ್ಡ ಮಕ್ಕಳಿಗೆ ಬರುತ್ತೆ. ಇಷ್ಟು ಎಳೇವಕ್ಕೆ ಕೂಗೋ ಶಕ್ತಿ ಎಲ್ಲಿಂದ ಬರಬೇಕು? ಇವು ಉಸಿರಾಡೋದನ್ನೇ ಬಿಟ್ಟುಬಿಡ್ತವೆ."

"ಆದರೆ ಇದು ನಲವತ್ತೆರಡನೇ ವಾರ."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮಗುಗೆ ಅದು ಗೊತ್ತಿಲ್ಲ, ಯಜಮಾನ್ರೇ."

ಹಿರಿಯ ನರ್ಸ್ ಕಾಗದ ಹಿಡಿದು ಬಂದಳು. "ಮನೇಲಿ ಕೆಮ್ಮೋರು ಯಾರು?"

ನಾದಿನಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅವಳ ಕಣ್ಣು ಕೆಂಪಾಯಿತು, ಭುಜ ಕುಲುಕಿತು, ಕೊನೆಗೆ ತಡೆಯಲಾರದೆ ಕೆಮ್ಮಿದಳು. ಬಗ್ಗಿ, ಗೋಡೆ ಹಿಡಿದು, ಉಸಿರು ಸಿಗದಷ್ಟು ಕೆಮ್ಮಿದಳು.

"ನಂದು ಹಳೇ ಕೆಮ್ಮು, ಸಿಸ್ಟರ್. ಲಾಂಡ್ರಿಲಿ ಕೆಲಸ. ಉಗಿಯಿಂದ ಬಂದದ್ದು." ಮನೆಯಲ್ಲಿ ನಾವೂ ಹಾಗೆಯೇ ತಿಳಿದಿದ್ದೆವು.

"ಎಷ್ಟು ದಿನದಿಂದ?"

"ಮೂರು ವಾರ... ನಾಲ್ಕೇ ಇಟ್ಕೊಳ್ಳಿ."

"ಯಾರಿಗೂ ತೋರಿಸ್ಲಿಲ್ವಾ?"

"ಹೋಗಿದ್ದೆನಮ್ಮ. ಒಂದಲ್ಲ, ಎರಡು ಸಲ. ರಜಾ ಅಂತ ಬೀಗ ಜಡಿದಿದ್ರು. ಬೀಗದ ಮುಂದೆ ನಿಂತು ಕೆಮ್ಮಿ ತೋರಿಸ್ಲಾ?" ಎಂದವಳು, ಮರುಕ್ಷಣವೇ ನನ್ನ ಮಗಳ ಕಡೆ ನೋಡಿ ಕುಸಿದು ಕುಳಿತಳು. "ಅಯ್ಯೋ, ದಿನಾ ಎತ್ಕೊಂಡಿದ್ದೆನಲ್ಲೇ. ದಿನಾ ಎದೆಗೆ ಹಾಕ್ಕೊಂಡು ಮಲಗಿಸಿದ್ದೆನಲ್ಲೇ, ಪುಟ್ಟೀ."

ಮಗಳು ಚಿಕ್ಕಮ್ಮನ ಕಡೆ ತಿರುಗಲಿಲ್ಲ. ಅವಳ ಕಣ್ಣು ಕೂಸಿನ ಎದೆಯ ಮೇಲಿತ್ತು.

ನನ್ನ ತಲೆಯಲ್ಲಿ ಉಳಿದದ್ದು ಆ ಬೀಗ. ನಾದಿನಿಯ ಬೀದಿಯ ಚಿಕಿತ್ಸಾಲಯ ನನ್ನ ಹಾಳೆಯ ಹದಿನೇಳನೇ ಸಾಲು. ರಜೆಯ ವಾರಗಳಲ್ಲಿ ಹದಿನೇಳನೇ ಸಾಲಿನ ಚೀಟಿ ಬರುತ್ತಿರಲಿಲ್ಲ. ಅಲ್ಲಿ ನಾನು ಸೊನ್ನೆ ಬರೆಯುತ್ತಿದ್ದೆ. ಅದೊಂದೇ ಅಲ್ಲ. ಹಾಳೆಯ ಯಾವ ಮನೆಯನ್ನೂ ಖಾಲಿ ಬಿಡಕೂಡದು, ಬಿಟ್ಟರೆ ಅದು ವಾಪಸಾಗುತ್ತದೆ ಎಂಬುದು ಮೇಲಿನ ಕಚೇರಿಯ ಕಟ್ಟಪ್ಪಣೆ. ಚೀಟಿ ಬಾರದ ಕಡೆಯೆಲ್ಲ ಸೊನ್ನೆ ತುಂಬಿದೆ. ಮೂವತ್ತೊಂದು ವರ್ಷದಲ್ಲಿ ನನ್ನ ಒಂದು ಹಾಳೆಯೂ ವಾಪಸಾಗಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

"ಉಸಿರಾಟದ ಯಂತ್ರ ಬೇಕು," ಎಂದರು ಡಾಕ್ಟರು. "ಸಂಜೆಯೊಳಗೆ. ಅದಕ್ಕಿಂತ ಹೆಚ್ಚು ಹೊತ್ತು ಈ ಮಗು ಈ ಥರ ತಾಳಲ್ಲ."

"ಹಾಕಿ."

"ಯಂತ್ರ ಎರಡನೇ ಕೋಣೇಲಿದೆ. ಕೋಣೆ ಮುಚ್ಚಿದೆ. ಪ್ರತಿ ವರ್ಷ ಈ ಎರಡು ವಾರ ಸುಣ್ಣ ಬಳಿಯೋಕೆ ಮುಚ್ಚಿ, ಎಂಟು ಜನ ಸಿಬ್ಬಂದಿಗೆ ರಜೆ ಕೊಡ್ತಾರೆ. ಮಕ್ಕಳ ಕಾಯಿಲೆ ಕಮ್ಮಿ ಇರೋ ವಾರ ಅಂತ ಆರೋಗ್ಯ ಕಚೇರಿ ಪಟ್ಟೀಲಿದೆಯಂತೆ."

ಆ ಸಲಹೆಯನ್ನು ಹನ್ನೆರಡು ವರ್ಷದ ಹಿಂದೆ ಬರೆದು ಕೊಟ್ಟವನು ನಾನೇ. ನಾಯಿಕೆಮ್ಮಿನ ವಾರದ ಎಣಿಕೆ ಹತ್ತನ್ನು ದಾಟಿದರೆ ಮಾತ್ರ ರಜೆ ರದ್ದು ಮಾಡಿ ಕೋಣೆ ತೆರೆಯತಕ್ಕದ್ದು ಎಂಬ ಷರತ್ತೂ ನನ್ನ ಕೈಬರಹದ್ದೇ.

"ಆರೋಗ್ಯಾಧಿಕಾರಿಗೆ ಎರಡು ಸಲ ಫೋನ್ ಮಾಡಿದೆ," ಡಾಕ್ಟರು ಹೇಳುತ್ತಿದ್ದರು. "ಪಟ್ಟೀಲಿ ಐದೇ ಇದೆ, ದೊಡ್ಡ ಊರಿಗೆ ಕಳಿಸಿ ಅಂತಾರೆ. ನಾಲ್ಕು ಗಂಟೆ ದಾರಿ. ಹತ್ತು ನಿಮಿಷಕ್ಕೊಂದು ಸಲ ಉಸಿರು ನಿಲ್ಲಿಸೋ ಮಗುನ ನಾನು ಹೇಗೆ ಕಳಿಸಲಿ?"

ನರ್ಸ್ ಮಗಳಿಗೆ ರಬ್ಬರಿನ ಚೀಲ ಒತ್ತುವುದನ್ನು ಕಲಿಸುತ್ತಿದ್ದಳು. ಉಸಿರು ನಿಂತರೆ ಮೊದಲು ಅಂಗಾಲು ತಟ್ಟಬೇಕು. ಹತ್ತು ಎಣಿಸುವುದರೊಳಗೆ ಬಾರದಿದ್ದರೆ ಚೀಲದ ಬಾಯನ್ನು ಕೂಸಿನ ಮೂಗುಬಾಯಿಗೆ ಇಟ್ಟು ಒತ್ತಬೇಕು. ಜೋರಾಗಿ ಒತ್ತಿದರೆ ಎಳೆ ಶ್ವಾಸಕೋಶ ಒಡೆಯುತ್ತದೆ. ನಾನು ಮಗಳ ಪಕ್ಕದಲ್ಲಿ ನಿಂತು ಹೇಳಿದೆ:

"ನನ್ನ ಪಟ್ಟಿ ತಪ್ಪು, ಮಗಳೇ. ಆರು ಅಂತ ಹೇಳಿದ್ದು ತಪ್ಪು. ಅದು ರೋಗ ಇಳಿದದ್ದಲ್ಲ, ಬಾಗಿಲು ಮುಚ್ಚಿದ್ದು. ನಾನು..."

"ಎಷ್ಟು ಸೆಕೆಂಡ್ ಆಯ್ತು?" ಎಂದಳು ತಲೆಯೆತ್ತದೆ.

ನೋಡಿದರೆ ಕೂಸಿನ ಎದೆ ಅಲುಗುತ್ತಿರಲಿಲ್ಲ. ನಾನು ಎಣಿಸಿರಲಿಲ್ಲ.

"ಮಾತು ಆಮೇಲೆ ಆಡು, ಅಪ್ಪ. ಹೋಗಿ ಆ ಕೋಣೆ ತೆಗೆಸು," ಎಂದಳು. ಅವಳ ಬೆರಳು ಚೀಲದ ಮೇಲಿತ್ತು.

ಕಚೇರಿಯ ಎಣಿಕೆ ಕೋಣೆಯಲ್ಲಿ ನನ್ನ ಜಾಗಕ್ಕೆ ಬಂದ ಗುಮಾಸ್ತೆ ಒಬ್ಬಳೇ ಕುಳಿತಿದ್ದಳು. ಗೋಡೆಯ ಮೇಲೆ ಇಪ್ಪತ್ತೆರಡು ಕೊಕ್ಕೆ. ಒಂದೊಂದು ಚಿಕಿತ್ಸಾಲಯದ ಚೀಟಿಗೆ ಒಂದೊಂದು. ಹದಿನಾಲ್ಕು ಕೊಕ್ಕೆಗಳು ಬರಿದಾಗಿದ್ದವು.

"ಇವಕ್ಕೆಲ್ಲ ಏನು ಬರೆದೆ?"

"ಸೊನ್ನೆ, ಸಾರ್. ನೀವೇ ಅಲ್ವಾ ಹೇಳಿಕೊಟ್ಟಿದ್ದು? ಖಾಲಿ ಬಿಟ್ರೆ ಮೇಲಿನೋರು ಮುಖಕ್ಕೆ ಎಸೀತಾರೆ ಅಂತ."

"ಹೋದ ವರ್ಷದ ಚೀಟಿ ತೆಗಿ. ಮೂವತ್ತೊಂಬತ್ತು, ನಲವತ್ತೊಂದು."

ಹತ್ತು ನಿಮಿಷದ ಕೆಲಸ. ಮೂವತ್ತು ವರ್ಷದಲ್ಲಿ ಒಂದು ದಿನವೂ ಮಾಡದ ಕೆಲಸ. ಮೂವತ್ತೊಂಬತ್ತನೇ ವಾರ ಇಪ್ಪತ್ತೆರಡು ಚೀಟಿ, ಹತ್ತೊಂಬತ್ತು ರೋಗಿಗಳು. ನಲವತ್ತೊಂದನೇ ವಾರ ಎಂಟೇ ಚೀಟಿ, ಆರು ರೋಗಿಗಳು. ಭಾಗಿಸಿದರೆ ಚೀಟಿಯೊಂದಕ್ಕೆ ಮೊದಲು ಸೊನ್ನೆ ಬಿಂದು ಎಂಟು ಆರು, ಆಮೇಲೆ ಸೊನ್ನೆ ಬಿಂದು ಏಳು ಐದು. ಮಕ್ಕಳು ಒಂದೇ ಕೊಠಡಿಯಲ್ಲಿ ಕೂಡದೆ ಮನೆಮನೆಗೆ ಚದುರಿದ್ದರಿಂದ ರೋಗ ಕೊಂಚ ಇಳಿದದ್ದು ನಿಜ. ಉಳಿದದ್ದೆಲ್ಲ ನಾನು ಪೆನ್ನಿನಿಂದ ತೋಡಿದ ಹೊಂಡ. ಆ ಹೊಂಡವನ್ನು ಋತುವಿನ ಗುಣವೆಂದು ನಂಬಿದ್ದೆ, ಊರನ್ನೂ ನಂಬಿಸಿದ್ದೆ.

ಅಧಿಕಾರಿಯ ಕೋಣೆಗೆ ಕಾಗದ ಹಿಡಿದು ಹೋದೆ. ಅವರು ಒಂದು ಕಾಲದಲ್ಲಿ ನನ್ನ ಮೇಜಿನ ಎದುರು ಕುಳಿತು ಕೆಲಸ ಕಲಿತವರು. ನಿಧಾನವಾಗಿ ಓದಿದರು.

"ಅಲ್ಲಾ ಸಾರ್, ಮೂವತ್ತು ವರ್ಷ ಸರಿ ಇದ್ದ ಪಟ್ಟಿ, ನಿಮ್ಮ ಮೊಮ್ಮಗು ಕೆಮ್ಮಿದ ತಕ್ಷಣ ತಪ್ಪಾಗಿಹೋಯ್ತಾ?"

"ಮೂವತ್ತು ವರ್ಷವೂ ತಪ್ಪೇ ಇತ್ತು. ಇವತ್ತು ಗೊತ್ತಾಯ್ತು."

"ನಿಮ್ಮ ಮಾತಿನ ಮೇಲೆ ಎಂಟು ಜನರ ರಜೆ ರದ್ದು ಮಾಡಿದ್ರೆ ನಾಳೆ ನನ್ನನ್ನ ಕೇಳ್ತಾರೆ. ಭಾಗಾಕಾರದಿಂದ ರೋಗಿಗಳು ಹುಟ್ಟಲ್ಲ, ಸಾರ್. ಇದನ್ನೂ ನೀವೇ ಹೇಳ್ತಿದ್ರಿ. ಹತ್ತು ದಾಟಬೇಕು. ಪಟ್ಟೀಲಿ ಐದಿದೆ."

"ಮಗು ಆರು. ನನ್ನ ನಾದಿನಿ ಏಳು."

"ಇನ್ನು ನಾಲ್ಕು ತನ್ನಿ. ಹೆಸರು, ವಯಸ್ಸು, ಎಷ್ಟು ದಿನದ ಕೆಮ್ಮು. ಸಂಶಯ ಅಂತ ಬರೆದ್ರೂ ಸಾಕು. ಹನ್ನೊಂದಾದ ನಿಮಿಷ ಸಹಿ ಹಾಕ್ತೀನಿ. ಎದ್ದು ಮನೆಗೂ ಹೋಗಲ್ಲ, ಇಲ್ಲೇ ಕೂತಿರ್ತೀನಿ."

ಅವರು ಕೆಟ್ಟವರಲ್ಲ. ನಾನು ಕಲಿಸಿದಂತೆ ನಡೆದುಕೊಂಡರು.

ಗುಮಾಸ್ತೆ ನಮೂನೆಯ ಹಾಳೆಗಳನ್ನೂ ಮೊಹರನ್ನೂ ಚೀಲಕ್ಕೆ ಹಾಕಿಕೊಂಡು ನನ್ನೊಡನೆ ಹೊರಟಳು. ಆಸ್ಪತ್ರೆಯ ಬಾಗಿಲಲ್ಲಿ ನಾದಿನಿ ಜೊತೆಯಾದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು.

"ಭಾವ, ನಮ್ಮ ಲಾಂಡ್ರಿಗೆ ನಡೀರಿ. ನಾಲ್ಕಲ್ಲ, ನಲವತ್ತು ಸಿಗುತ್ತೆ."

ಹೋಟೆಲುಗಳ ಹಾಸಿಗೆ ಹೊದಿಕೆ ಒಗೆಯುವ ಕಾರ್ಖಾನೆ ಅದು. ಉದ್ದನೆಯ ಒಂದೇ ಕೋಣೆ. ಒಂದು ತುದಿಯಲ್ಲಿ ಕುದಿಯುವ ಹಂಡೆಗಳು, ಇನ್ನೊಂದು ತುದಿಯಲ್ಲಿ ಇಸ್ತ್ರಿಯ ಉರುಳೆಗಳು. ಹೊರಗಿನ ಮಸಿ ಬಿಳಿ ಬಟ್ಟೆಯ ಮೇಲೆ ಕೂರದಿರಲೆಂದು ಕಿಟಕಿಗಳಿಗೆಲ್ಲ ಮೊಳೆ ಹೊಡೆದಿದ್ದರು. ಉಗಿಯಲ್ಲಿ ಐದಾರು ಮಾರು ಆಚೆಗೆ ಮುಖ ಕಾಣುತ್ತಿರಲಿಲ್ಲ. ಇಪ್ಪತ್ತಾರು ಹೆಂಗಸರು. ಯಂತ್ರದ ಸದ್ದಿನ ಮಧ್ಯೆ ಆ ಕಡೆಯಿಂದೊಂದು, ಈ ಕಡೆಯಿಂದೊಂದು ಕೆಮ್ಮು ಏಳುತ್ತಿತ್ತು. ನನ್ನ ಹಾಳೆಗೆ ಇದರ ಸುಳಿವೂ ಇರಲಿಲ್ಲ.

ಮೇಸ್ತ್ರಿ ಅಡ್ಡ ಬಂದ. "ಏನ್ ಸ್ವಾಮಿ, ಏನು ತಪಾಸಣೆ?"

"ಕೆಮ್ಮು ಎಣಿಸೋಕೆ ಬಂದಿದೀವಿ," ಎಂದಳು ಗುಮಾಸ್ತೆ.

"ಕೆಮ್ಮು ಎಣಿಸೋಕಾ? ಸರ್ಕಾರಕ್ಕೆ ಬೇರೆ ಕೆಲಸ ಇಲ್ವಾ? ನಮ್ಮಲ್ಲಿ ಯಾರಿಗೂ ಕೆಮ್ಮಿಲ್ಲ. ಕೇಳಿ ಬೇಕಾದ್ರೆ."

ಕೇಳಿದೆ. ಯಾರೂ ಹೂಂ ಅನ್ನಲಿಲ್ಲ. ಕೆಮ್ಮು ಇದೆ ಎಂದವಳನ್ನು ಮನೆಗೆ ಕಳಿಸಿಬಿಟ್ಟರೆ ನಾಳೆ ಆ ಜಾಗದಲ್ಲಿ ಇನ್ನೊಬ್ಬಳಿರುತ್ತಾಳೆ. ಇಪ್ಪತ್ತಾರು ಜನರೂ ತುಟಿ ಬಿಗಿಹಿಡಿದು ನಿಂತರು. ನಾನು ಗಡಿಯಾರ ನೋಡಿದೆ. ಎರಡೂವರೆ. ಅಲ್ಲಿ ಮಗಳ ಬೆರಳು ಚೀಲದ ಮೇಲಿತ್ತು.

ಆಗ ಇಸ್ತ್ರಿಯ ಉರುಳೆಯ ಹಿಂದೆ ಒಬ್ಬ ಧಡೂತಿ ಹೆಂಗಸಿನ ಮುಖ ಕೆಂಪೇರುತ್ತ ಬಂತು. ಕೆನ್ನೆ ಉಬ್ಬಿತು. ಕಣ್ಣಲ್ಲಿ ನೀರು ತುಂಬಿತು. ನಾದಿನಿ ಅವಳ ಮುಂದೆ ಹೋಗಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಬಿಡೇ, ಕೆಮ್ಮೇ! ತಡ್ಕೊಂಡ್ರೆ ಹೊಟ್ಟೆ ಒಡೆದು ಸಾಯ್ತೀಯ. ನಿನ್ನೆ ಊಟದ ಹೊತ್ತಲ್ಲಿ ನನ್ನ ಡಬ್ಬಿ ತುಂಬ ಕೆಮ್ಮಿದೆಯಲ್ಲ, ಆಗ ನಾಚಿಕೆ ಆಗ್ಲಿಲ್ಲ, ಈಗೇನು ಹೊಸ ಮದುವಣಗಿತ್ತಿ ಥರ ನಾಚ್ಕೋತೀಯ?"

ಆಕೆ ಸ್ಫೋಟಿಸಿದಳು. ಅವಳ ಕೆಮ್ಮಿಗೆ ಇನ್ನಿಬ್ಬರ ಕೆಮ್ಮು ಕಿತ್ತುಕೊಂಡು ಬಂತು. ಯಾರೋ ನಕ್ಕರು, ನಗು ಹೋಗಿ ಅದೂ ಕೆಮ್ಮಾಯಿತು. ನಾದಿನಿ ತಿರುಗಿ ಎಲ್ಲರಿಗೂ ಕೇಳುವಂತೆ ಕೂಗಿದಳು:

"ನನ್ನ ಅಕ್ಕನ ಮೊಮ್ಮಗಳು ಸಾಯ್ತಿದೆ ಕಣ್ರೇ! ನನ್ನ ಕೆಮ್ಮಿಗೇ ಸಾಯ್ತಿದೆ! ಮೂವತ್ತೇಳು ದಿನದ್ದು. ನಾಲ್ಕು ಹೆಸರು ಕೊಡ್ರೇ, ನಿಮ್ಮ ಕಾಲು ಹಿಡೀತೀನಿ!"

ಧಡೂತಿ ಹೆಂಗಸು ಮೊದಲು ಹೆಸರು ಹೇಳಿದಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಹಂಡೆಯ ಬಳಿಯ ಮುದುಕಿ. ಎಂಟು, ಒಂಬತ್ತು, ಹತ್ತು. ನಾಲ್ಕನೆಯವಳು ತೆಳ್ಳಗಿನ ಹುಡುಗಿ, ಇಪ್ಪತ್ತೊಂದೋ ಇಪ್ಪತ್ತೆರಡೋ ಇರಬೇಕು. ಒದ್ದೆ ಕೈಯನ್ನು ಸೊಂಟಕ್ಕೆ ಒರೆಸಿಕೊಳ್ಳುತ್ತ ಬಂದಳು.

"ನಂಗೆ ಕೆಮ್ಮು ಹೋಯ್ತು, ತಾತ. ನನ್ನ ಕೂಸಿಗೆ ಇದೆ. ಎರಡು ತಿಂಗಳದ್ದು. ಚುಚ್ಚುಮದ್ದು ಹಾಕ್ಸೋಕೆ ಹೋದ್ರೆ ರಜಾ ಅಂದ್ರು. ರಾತ್ರಿಯೆಲ್ಲ ಕೆಮ್ಮುತ್ತೆ. ಅದನ್ನ ಬರ್ಕೋಬಹುದಾ?"

"ಬರ್ಕೋಬಹುದು," ಎಂದೆ. "ಹನ್ನೊಂದು."

ಗುಮಾಸ್ತೆ ಬರೆದುಕೊಂಡಳು. ನಾನು ಹಾಳೆಯನ್ನು ಅವಳ ಕೈಯಿಂದ ಎಳೆದುಕೊಂಡೆ. "ನೀನಿದ್ದು ಉಳಿದವರನ್ನು ಎಣಿಸು," ಎಂದು ಹೇಳಿ ಬಾಗಿಲಿಗೆ ಓಡಿದೆ. ನನ್ನ ವಯಸ್ಸಿನವನು ಓಡಬಾರದು, ಓಡಿದೆ. ಆ ಹುಡುಗಿ ಹಿಂದಿನಿಂದ ಏನೋ ಕೇಳಿದಳು. ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಬರೆಯಬಹುದು. ಕೇಳಿಸಿತು. "ಅದಕ್ಕೇನು ಔಷಧಿ ಕೊಡಬೇಕು, ತಾತ?" ಎಂದು ಕೇಳಿದ್ದಳು.

ಅಧಿಕಾರಿ ಮಾತಿಗೆ ತಪ್ಪಲಿಲ್ಲ. ಹನ್ನೊಂದು ಹೆಸರಿನ ಮೇಲೆ ಬೆರಳಿಟ್ಟು ಎಣಿಸಿ, ಸಹಿ ಹಾಕಿ, ತಾವೇ ಫೋನು ಹಿಡಿದು ಸಿಬ್ಬಂದಿಯನ್ನು ಕರೆಸಿದರು. ನಾಲ್ಕೂಮುಕ್ಕಾಲಿಗೆ ಎರಡನೇ ಕೋಣೆಯ ಬೀಗ ತೆಗೆದರು. ಅರ್ಧ ಬಳಿದ ಗೋಡೆ, ಹಸಿ ಸುಣ್ಣದ ವಾಸನೆ. ಬಟ್ಟೆ ಹೊದಿಸಿಟ್ಟ ಎರಡು ಯಂತ್ರಗಳಲ್ಲಿ ಒಂದನ್ನು ಎಳೆದು ತಂದರು. ಮಗಳು ಏಳು ಗಂಟೆ ಕಾಲ ಚೀಲ ಒತ್ತಿದ್ದಳು. ಕೂಸನ್ನು ಒಳಗೆ ಕೊಂಡೊಯ್ದ ಮೇಲೂ ಅವಳ ಬೆರಳುಗಳು ಹಾಗೇ ಮಡಚಿಕೊಂಡಿದ್ದವು. ನಾನು ಬಿಡಿಸಲು ಹೋದೆ. ಕೈ ಹಿಂದಕ್ಕೆಳೆದುಕೊಂಡಳು.

ಶನಿವಾರ ಬೇರೊಂದು ಬೀದಿಯ ಮಗುವೊಂದು ಬಂತು. ಎರಡನೇ ಯಂತ್ರ ಅದಕ್ಕೆ ಹೋಯಿತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಲಾಂಡ್ರಿಯ ಆ ಹುಡುಗಿ ಕೂಸನ್ನು ಎದೆಗವಚಿಕೊಂಡು ಬಂದಳು. ಗುಮಾಸ್ತೆ ಶುಕ್ರವಾರ ಸಂಜೆಯವರೆಗೆ ನಿಂತು ಹತ್ತೊಂಬತ್ತು ಹೆಸರು ಬರೆದಿದ್ದಳು. ಎಲ್ಲರಿಗೂ ಸೋಮವಾರ ಚಿಕಿತ್ಸಾಲಯ ತೆರೆದ ಮೇಲೆ ಬನ್ನಿ ಎಂದಿದ್ದಳು. ಈ ಕೂಸಿಗೆ ಸೋಮವಾರದವರೆಗೆ ತಡೆಯಲಾಗಲಿಲ್ಲ. ಡಾಕ್ಟರು ಒಮ್ಮೆ ಆ ಯಂತ್ರ, ಒಮ್ಮೆ ಈ ಯಂತ್ರ ನೋಡಿದರು. ನನ್ನ ಮಗಳು ನಮ್ಮ ಕೂಸಿನ ತೊಟ್ಟಿಲಿಗೆ ಅಡ್ಡಲಾಗಿ ನಿಂತಳು. ಯಾರೂ ಅವಳಿಗೆ ಪಕ್ಕಕ್ಕೆ ಸರಿ ಎಂದು ಹೇಳಿರಲಿಲ್ಲ. ಆದರೂ ನಿಂತಳು.

"ಇದನ್ನ ತೆಗೆದ್ರೆ ಇದು ಹೋಗುತ್ತೆ, ಅದನ್ನ ತೆಗೆದ್ರೆ ಅದು ಹೋಗುತ್ತೆ," ಎಂದರು ಡಾಕ್ಟರು, ಯಾರಿಗೆಂದಲ್ಲ. "ಚೀಲ ತನ್ನಿ."

ಚೀಲವನ್ನು ಸರದಿಯ ಮೇಲೆ ಒತ್ತಿದೆವು. ನರ್ಸ್, ಆ ಹುಡುಗಿ, ನನ್ನ ಮಗಳು, ನಾನು. ನನ್ನ ಸರದಿ ಅರ್ಧರ್ಧ ಗಂಟೆಯಂತೆ ಮೂರು ಸಲ ಬಂತು. ಸೋಂಕಿನ ಭಯಕ್ಕೆ ನಾದಿನಿಯನ್ನು ಒಳಗೆ ಬಿಡಲಿಲ್ಲ. ಅವಳು ಕಿಟಕಿಯ ಹೊರಗೆ ನಿಂತು ಗಾಜಿಗೆ ಹಣೆ ಒತ್ತಿಕೊಂಡಿದ್ದಳು. ಮಧ್ಯಾಹ್ನ ಮೂರು ಗಂಟೆಗೆ ಒತ್ತುತ್ತಿದ್ದವನು ನಾನು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು. ಜಾಗ ಬದಲಿಸಿ ಇನ್ನೊಮ್ಮೆ ಕೇಳಿದರು.

"ಸಾಕು, ಯಜಮಾನ್ರೇ," ಎಂದರು.

ಹೋದದ್ದು ನಮ್ಮ ಕೂಸಲ್ಲ ಎಂದು ಆ ಕ್ಷಣ ನನ್ನ ಮನಸ್ಸು ಹಗುರವಾಯಿತು. ಎರಡೋ ಮೂರೋ ಸೆಕೆಂಡು. ಅದನ್ನು ಬಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಮರುದಿನ ಗುಮಾಸ್ತೆ ಹಾಳೆ ಕಳಿಸಿದಳು. ಬಾರದ ಚೀಟಿಗಳ ಹದಿನಾಲ್ಕು ಮನೆಗಳನ್ನು ಖಾಲಿ ಬಿಟ್ಟಿದ್ದಳು. ಗುರುವಾರ ಅದು ಕೆಂಪು ಶಾಯಿಯ ಟಿಪ್ಪಣಿಯೊಡನೆ ವಾಪಸು ಬಂತು: ಅಪೂರ್ಣ, ತುಂಬಿ ಕಳಿಸತಕ್ಕದ್ದು. ಅವಳು ಅದನ್ನು ಹಾಗೆಯೇ ಇನ್ನೊಮ್ಮೆ ಕಳಿಸಿದಳು.

ನಮ್ಮ ಕೂಸಿನ ಯಂತ್ರವನ್ನು ಒಂಬತ್ತನೇ ದಿನ ತೆಗೆದರು. ಕೆಮ್ಮು ಇನ್ನೂ ಎರಡು ಮೂರು ತಿಂಗಳು ಕಾಡುತ್ತದೆ, ಯಾವುದಕ್ಕೂ ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿದರು. ದೂರದ ಕೆಲಸದಿಂದ ಬಂದಿಳಿದಿದ್ದ ಅಳಿಯ ಬಾಗಿಲ ಬಳಿ ನಿಂತಿದ್ದ. ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಮಗಳು ಬಟ್ಟೆಗಳನ್ನು ಮಡಚುತ್ತಿದ್ದಳು. ಬಿಡುಗಡೆಯಾದ ದಿನ ನೇರವಾಗಿ ಅತ್ತೆಯ ಊರಿಗೆ ಹೋಗುವುದೆಂದು ಅವರಿಬ್ಬರೂ ತೀರ್ಮಾನಿಸಿದ್ದರು. ಅಮ್ಮನಿಗೆ ನೀನೇ ಹೇಳು ಎಂದಳು. ಹೇಳುತ್ತೇನೆ ಎಂದೆ.

ಹೊರಗೆ ಮೆಟ್ಟಿಲ ಮೇಲೆ ಆ ಹುಡುಗಿ ಕುಳಿತಿದ್ದಳು. ಸಾವಿನ ಕಾಗದಕ್ಕೆಂದು ಬಂದಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ತಾತ, ನೀವು ಲೆಕ್ಕದೋರು ಅಂದ್ರು ನಮ್ಮ ಲಾಂಡ್ರಿ ಅಕ್ಕ. ಒಂದು ಕೇಳ್ಲಾ?"

"ಕೇಳಮ್ಮ."

"ಶುಕ್ರವಾರ ನೀವು ಬಂದಿದ್ರಲ್ಲ, ಅವತ್ತೇ ನಿಮ್ಮ ಹಿಂದೇನೇ ನಾನು ಕೂಸನ್ನ ತಂದಿದ್ರೆ? ಡಾಕ್ಟರಮ್ಮನ್ನ ಕೇಳಿದೆ. ಅದನ್ನೆಲ್ಲ ಯೋಚಿಸಬಾರದಮ್ಮ ಅಂದ್ರು."

ಡಾಕ್ಟರು ಹೇಳಿದ್ದು ಕರುಣೆಯ ಮಾತು. ನನಗೂ ಅದು ಬರುತ್ತಿತ್ತು. ಆದರೆ ಅವಳು ನನ್ನನ್ನು ಎಣಿಕೆ ಕೇಳಿದ್ದಳು. ತಪ್ಪು ಎಣಿಕೆ ಕೊಡುವುದು ನನ್ನಿಂದ ಇನ್ನು ಆಗುವಂತಿರಲಿಲ್ಲ.

"ಶುಕ್ರವಾರ ಸಂಜೆ ಐದರಿಂದ ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ ಒಂದು ಯಂತ್ರ ಖಾಲಿ ಇತ್ತು," ಎಂದೆ. "ಕರ್ಕೊಂಡು ಬಾ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ."

ಅವಳು ನನ್ನ ಹತ್ತಿರಕ್ಕೆ ಒಂದು ಹೆಜ್ಜೆ ಬಂದಳು. ಕೈ ಎತ್ತುತ್ತಾಳೆಂದುಕೊಂಡೆ. ಎತ್ತಲಿಲ್ಲ.

"ಒಂದಿತ್ತಾ?"

"ಒಂದಿತ್ತು."

"ನಂಗೆ ಒಂದೇ ಬೇಕಾಗಿದ್ದು," ಎಂದು ಹೇಳಿ, ಕಾಗದವನ್ನು ನಾಲ್ಕಾಗಿ ಮಡಚಿ ರವಿಕೆಯೊಳಗಿಟ್ಟುಕೊಂಡು, ಕೆಲಸಕ್ಕೆ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದಳು.